ಗೀಜರಿನ ಮೂಗಿಗೆ ಕಟ್ಟಿದ ಅರಿವೆ

ಶೇವಂತಿ ಮೊದಲ ಸಲ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ನಾನು ಅವಳನ್ನು ಸರಕು ನೋಡುವ ಕಣ್ಣಿನಿಂದಲೇ ನೋಡಿದೆ. ವಯಸ್ಸು ನಲವತ್ತರ ಆಸುಪಾಸು, ಅಳತೆ ಸಣ್ಣದು, ಬಾಳಿಕೆ ಜಾಸ್ತಿ. ಬೆರಳ ಸಂದಿಯಲ್ಲಿ ತಾಮ್ರದ ಕಪ್ಪು ಇಳಿದಿತ್ತು. ಅಂದರೆ ಶೋಕಿಗೆ ಇಟ್ಟ ಮಾಲಲ್ಲ, ಬಳಕೆಯದು. ಬಾಯಿಗೆ ಮಾತ್ರ ಯಾವ ಕಂಪನಿಯೂ ಗ್ಯಾರಂಟಿ ಕೊಡಲಾರದು.

"ಸಾವಕಾರ್ರ, ಒಂದು ಸೇಫ್ಟಿ ವಾಲ್ವ್ ಕೊಡ್ರಿ. ಹೋದ ಸಲ ಬ್ಯಾರೆ ಕಡೆ ತಗೊಂಡಿದ್ದು ವಾರದಾಗ ಕಣ್ಣ ಮುಚ್ಚಿತು."

"ನಮ್ಮದು ಮುಚ್ಚೂದಿಲ್ಲ ಬಿಡವಾ."

"ಎಲ್ಲಾರೂ ಹಂಗಽ ಅಂತಾರ. ಮುಚ್ಚಿತಂದ್ರ ನಿಮ್ಮ ಗಲ್ಲೆ ಮುಂದ ಕುಂತು ಅಳ್ತೇನಿ, ಗಿರಾಕಿ ಓಡಿ ಹೋಗ್ಬೇಕು."

ಜಮಖಂಡಿಯಲ್ಲಿ ನಳ, ಪೈಪು, ಗೀಜರು ಮಾರಿ ಬದುಕುವ ನನಗೆ ಗೀಜರು ಬಿಚ್ಚುವ ಹೆಣ್ಣುಮಗಳು ಹೊಸಬಳು. ವಿಚಾರಿಸಿದೆ. ತಂದೆ ಲಗಮಪ್ಪ ಬೀಳಗಿ ಕಡೆಯ ಹೊಳೆದಂಡೆಯ ಊರಿನವನು, ಬಂಬು ಬೆಸೆಯುವವನು. ನಡುವೆ ಕೊಳವೆಯಿರುವ ತಾಮ್ರದ ಹಂಡೆ ಅದು. ಕೊಳವೆಯಲ್ಲಿ ಹತ್ತಿಕಟ್ಟಿಗೆ ಉರಿಸಿದರೆ ಸುತ್ತಲಿನ ನೀರು ಕಾಯುತ್ತದೆ. ಆಣೆಕಟ್ಟಿನ ಹಿನ್ನೀರು ಏರಿ ಊರು ಎತ್ತರಕ್ಕೆ ಸರಿಯಿತು. ಹೊಸ ಮನೆಗಳ ಬಚ್ಚಲಿಗೆ ಬಂಬಿನ ಬದಲು ಗೀಜರು ಬಂತು, ಹೊಳೆನೀರಿನ ಬದಲು ಬೋರಿನ ಗಡಸು ನೀರು ಬಂತು. ಲಗಮಪ್ಪ ಎರಡನ್ನೂ ಬೈಯುತ್ತ ಕಟ್ಟೆಯ ಮೇಲೆ ಕುಳಿತ. ಮಗಳು ಬೈಯಲಿಲ್ಲ. ಮುಧೋಳದ ತುಕಾರಾಮ ಎಂಬ ವಾಯರ್‌ಮನ್ನನ ಕೈಕೆಳಗೆ ದುಡಿದು ಕರೆಂಟಿನ ಕೆಲಸ ಕಲಿತಳು. ನೀರು ಗಡಸಾದಲ್ಲಿ ರಿಪೇರಿಗೆ ಬರವಿಲ್ಲ ಎಂದು ಲೆಕ್ಕ ಹಾಕಿದವಳು ಇಡೀ ಊರಿನಲ್ಲಿ ಅವಳೊಬ್ಬಳೇ ಇರಬೇಕು.

ನನಗೆ ಇನ್ನೊಂದು ಲಾಭವೂ ಕಂಡಿತು. ಗಂಡಸು ರಿಪೇರಿಗೆ ಬಂದರೆ ಮನೆಯ ಯಜಮಾನ ಅಂಗಡಿ ಬಿಟ್ಟು ಬಚ್ಚಲ ಬಾಗಿಲು ಕಾಯಬೇಕು. ಶೇವಂತಿಗೆ ಯಾವ ಹೊತ್ತಿಗೂ ಬಾಗಿಲು ತೆರೆಯುತ್ತಿತ್ತು. ನನ್ನಲ್ಲಿ ಗೀಜರು ಕೊಂಡವರಿಗೆಲ್ಲ ಅವಳ ಹೆಸರು ಹೇಳತೊಡಗಿದೆ.

ಹೀಗಿರುವಾಗ ೨೦೦೭ರ ಚಳಿಗಾಲದಲ್ಲಿ ನಮ್ಮ ಮನೆಯ ಗೀಜರೇ ಗುಡುಗತೊಡಗಿತು. ಸ್ವಿಚ್ ಹಾಕಿದರೆ ಹೊಟ್ಟೆಯೊಳಗೆ ಯಾರೋ ಕಲ್ಲು ಉರುಳಿಸಿದ ಸದ್ದು. ಅದನ್ನು ಬಳಸುವವಳು ಹೆಚ್ಚಾಗಿ ನಮ್ಮ ಅವ್ವ. ವಯಸ್ಸು ಎಪ್ಪತ್ತು ದಾಟಿತ್ತು. ನಸುಕಿನಲ್ಲಿ ಮಿಂದು ಬಸದಿಗೆ ಹೋಗದೆ ಬಾಯಿಗೆ ಹನಿ ನೀರು ಹಾಕುವವಳಲ್ಲ. ಹಿಂದಿನ ವರ್ಷ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿ ಬಂದಿದ್ದಳು. ತಣ್ಣೀರು ಮಾತ್ರ ಮೈಮೇಲೆ ಹಾಕಬೇಡಿ ಎಂದು ಡಾಕ್ಟರು ಕೈಮುಗಿದು ಹೇಳಿದ್ದರು.

ಶೇವಂತಿ ಬಂದವಳೇ ಮೇನ್ ಬಂದ್ ಮಾಡಿ, ಗೀಜರಿನ ಫ್ಯೂಜ್ ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಳು. ಟೆಸ್ಟರ್ ಇಟ್ಟು ನೋಡಿದಳು. ಆಮೇಲೆ ನೀರು ಆರಲಿ ಎಂದು ನಡುಮನೆಯಲ್ಲಿ ಕುಳಿತು ಚಹಾ ಕುಡಿದಳು. ಮತ್ತೊಮ್ಮೆ ಕುಡಿದಳು.

"ಗೀಜರ ರಿಪೇರಿಗೆ ಬಂದೀಯೋ, ಚಹಾ ರಿಪೇರಿಗೆ ಬಂದೀಯೋ?" ಎಂದಳು ಅವ್ವ.

"ಬಿಸಿ ಇದ್ದಾಗ ಬಿಚ್ಚಿದ್ರ ಮಾರಿ ಬೇಯ್ತದರಿ ಅವ್ವಾರ. ಇರೂದು ಒಂದಽ ಮಾರಿ."

ನೀರು ಇಳಿಸಿದಾಗ ಅದರ ಜೊತೆ ಚುರಮರಿಯಂಥ ಬಿಳಿ ಸುಣ್ಣದ ಹಳುಕು ಬಕೆಟಿನ ತಳ ಮುಚ್ಚುವಷ್ಟು ಬಿತ್ತು. ಗುಡುಗಿದ್ದು ಅದೇ. ಅಲ್ಲಿಗೆ ಮುಗಿಯಿತೆಂದು ನಾನು ಅಂಗಡಿಗೆ ಹೊರಟಿದ್ದೆ. ಆಗ ಅವಳು ನಟ್ಟು ತಿರುವುವ ಪಾನಾ ತೆಗೆದು ಗೀಜರಿನ ಕೆಳಗೆ ಏನನ್ನೋ ಬಡಿದಳು. ಟಣ್ ಎಂದಿತು.

ಸೇಫ್ಟಿ ವಾಲ್ವಿನ ಸಣ್ಣ ಮೂಗು ಅದು. ನೀರು ಕಾದು ಉಬ್ಬಿದಾಗ ಹೆಚ್ಚಾದದ್ದು ಅಲ್ಲಿಂದ ಹನಿಯುತ್ತದೆ. ಅವ್ವ ಅದಕ್ಕೂ ಅರಿವೆ ಕಟ್ಟಿದ್ದಳು. ನಮ್ಮ ಜೈನರ ಮನೆಗಳಲ್ಲಿ ಗಾಳಿಸದ, ಎಂದರೆ ಅರಿವೆಯಲ್ಲಿ ಸೋಸದ, ನೀರು ಬಳಸುವುದಿಲ್ಲ. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದು. ನಳಕ್ಕೆಲ್ಲ ಎರಡು ಪದರದ ಬಿಳಿ ಅರಿವೆ ಇದ್ದ ಮೇಲೆ ಹನಿಯುವ ಈ ಮೂಗು ಯಾಕೆ ಬರಿದಾಗಿರಬೇಕು ಎಂದು ಅವಳ ವಿಚಾರ. ದಿನದಿನದ ಸುಣ್ಣ ಕುಡಿದು ಆ ಅರಿವೆ ಕಲ್ಲಾಗಿತ್ತು.

ಶೇವಂತಿ ಮುಚ್ಚಳ ಬಿಚ್ಚಿ ಒಳಗೆ ನೋಡಿದಳು. ಕಾವು ಸಾಕಾದಾಗ ಕರೆಂಟು ನಿಲ್ಲಿಸುವ ಥರ್ಮೋಸ್ಟಾಟ್ ಅಂಟಿಕೊಂಡು ಕುಳಿತಿತ್ತು.

"ಇದಕ್ಕ ಇಬ್ಬರ ಕಾವಲಗಾರರ್ರಿ ಅವ್ವಾರ. ಒಬ್ಬಾಂವ ಸತ್ತಾನ. ಇನ್ನೊಬ್ಬಾಂವನ ಬಾಯಿಗೆ ನೀವು ಅರಿವಿ ತುರಕೀರಿ. ಒಂದಿನ ಇದು ಬಾಂಬಿನಂಗ ಒಡೀತದ. ಅವತ್ತು ಕೆಳಗ ನೀವಽ ಇರ್ತೀರಿ."

"ಗಾಳಿಸಲಾರದ ನೀರು ಈ ಮನ್ಯಾಗ ಬೀಳೂದಿಲ್ಲ."

"ಹಂಗಂದ್ರ ಫ್ಯೂಜ್ ನನ್ನ ಚೀಲದಾಗಽ ಇರ್ತದ."

"ತಗೊಂಡ ಹೋಗು. ನನ್ನ ಮಗನ ಅಂಗಡ್ಯಾಗ ಫ್ಯೂಜಿಗೆ ಬರಗಾಲ ಇಲ್ಲ."

ಶೇವಂತಿ ನಿಜವಾಗಿಯೂ ತೆಗೆದುಕೊಂಡು ಹೋದಳು. ಅವ್ವ ನನ್ನ ಕಡೆ ತಿರುಗಿದಳು. "ಸಂಜಿಕ ಬರೂವಾಗ ಒಂದು ಫ್ಯೂಜ್ ತಗೊಂಡ ಬಾ." ಅವ್ವನಿಗೆ ಇಲ್ಲ ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ, ಆ ಗೀಜರಿಗೆ ಕರೆಂಟು ಕೊಡುವ ಧೈರ್ಯ ನನಗೂ ಇರಲಿಲ್ಲ. ಸ್ಟಾಕ್ ತೀರಿದೆ ಎಂದೆ. ಅವ್ವನೆಂಬ ಗಿರಾಕಿ ನಂಬಲಿಲ್ಲ. ಒಲೆಯ ಮೇಲೆ ಕಾಯಿಸಿ ಕೊಡುತ್ತೇವೆಂದರೂ ಒಲ್ಲೆ ಎಂದಳು. "ಮಗಾ ಗೀಜರ ಮಾರ್ತಾನ, ತಾಯಿ ಪಾತೇಲಿನಾಗ ನೀರ ಕಾಸ್ಬೇಕು? ತಣ್ಣೀರ ಸಾಕ್ ನನಗ."

ಮರುದಿನ ಖರೆ ಖರೆ ತಣ್ಣೀರು ಮಿಂದಳು. ಬಸದಿಯಿಂದ ತಿರುಗಿ ಬರುವಾಗ ಅವಳ ಕೆಮ್ಮು ಅವಳಿಗಿಂತ ಮೊದಲು ಬಾಗಿಲಿಗೆ ಬಂತು.

ಹೊಸ ವಾಲ್ವು, ಥರ್ಮೋಸ್ಟಾಟ್ ಹಿಡಿದು ಬಂದ ಶೇವಂತಿಗೂ ಅದು ಕೇಳಿಸಿತು. ಅವಳು ಬಚ್ಚಲಿಗೆ ಹೋಗಲಿಲ್ಲ. ಅವ್ವನ ಎದುರು ನೆಲದ ಮೇಲೆ ಕುಳಿತಳು. ಇನ್ನೊಂದು ಜಗಳಕ್ಕೆ ನಾನು ಸಜ್ಜಾದೆ.

"ಅವ್ವಾರ, ನೀವು ತೇರದಾಳದವ್ರಲ್ಲರಿ?"

"ಹೌದು. ಏನೀಗ?"

"ನಮ್ಮಪ್ಪ ತೇರದಾಳದಾಗ ಬಂಬು ಬೆಸಿಯಾಕ ಹೋಗ್ತಿದ್ದ. ಬೆಸದ ಮ್ಯಾಲ ಸೋರ್ತದೋ ಏನೋ ನೋಡಾಕ ನೀರ ತುಂಬಿ ಉರಿ ಹಚ್ಬೇಕಲ್ರಿ? ನಿಮ್ಮವ್ರು ಹಚ್ಚಗೊಡ್ತಿದ್ದಿಲ್ಲ. ಮೊದಲ ನೀರ ಗಾಳಿಸು, ಆಮ್ಯಾಲ ಬೆಂಕಿ ಅಂತಿದ್ರು. ಅಪ್ಪ ಬೈಕೋತ ಗಾಳಸ್ತಿದ್ದ."

"ಮತ್ತ? ಜೀವ ಇರೂ ನೀರಿಗೆ ಉರಿ ಹಚ್ತಾರೇನ ಯಾರರೆ?"

ಶೇವಂತಿ ಬಚ್ಚಲ ಕಡೆ ಒಮ್ಮೆ ನೋಡಿ, ಮತ್ತೆ ಅವ್ವನನ್ನು ನೋಡಿದಳು. ಅಷ್ಟೇ.

ಅವ್ವನ ಕಣ್ಣೂ ಬಚ್ಚಲ ಕಡೆ ಹೋಯಿತು. ಗೀಜರಿಗೆ ಹೋಗುವ ನೀರು ಗಾಳಿಸದ್ದು. ಕಾದು ಹೊರಬಂದ ಮೇಲೆ ಅದಕ್ಕೆ ಅರಿವೆ ಹಿಡಿದು ಉಪಯೋಗವೇನು ಎಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅರಿವಿ ಕಾಸೂ ಮೊದಲಽ ಇರಬೇಕು" ಎಂದಳು, ತಾನೇ ಶೇವಂತಿಗೆ ಬುದ್ಧಿ ಹೇಳುವಂತೆ.

"ನೀವು ಹೇಳ್ದಂಗ ಆಗ್ಲರಿ" ಎಂದಳು ಶೇವಂತಿ. ಅವಳಂಥ ವ್ಯಾಪಾರಸ್ಥೆಯನ್ನು ನಾನು ನಮ್ಮ ಪೇಟೆಯಲ್ಲಿ ಕಂಡಿಲ್ಲ. ಗೆದ್ದ ಮೇಲೆ ಗೆಲುವನ್ನು ಗಿರಾಕಿಯ ಹೆಸರಿಗೇ ಬರೆದುಕೊಟ್ಟಳು.

ಕಲ್ಲಾದ ಅರಿವೆಯ ಗಂಟು ಬಿಚ್ಚಲು ಬರಲಿಲ್ಲ. ಅವ್ವನೇ ಚಾಕು ತಂದು ಕೊಯ್ದಳು. ಮಾಳಿಗೆಯ ಟಾಕಿಗೆ ನೀರು ಬೀಳುವ ಬಾಯಿಗೆ ಶೇವಂತಿ ದೊಡ್ಡ ಅರಿವೆಯ ಚೀಲ ಕಟ್ಟಿದಳು. ಅದರಲ್ಲಿ ಉಳಿದ ಜೀವಗಳನ್ನು ಕೆಳಗಿನ ತೊಟ್ಟಿಯ ನೀರಿಗೇ ತಿರುಗಿ ಬಿಡಬೇಕೆಂದು ಅವ್ವ ಕರಾರು ಹಾಕಿದಳು. ಮಾಳಿಗೆ ಹತ್ತಿ ಅದನ್ನು ತೊಳೆಯುವ ಕೆಲಸ, ನನ್ನನ್ನು ಯಾರೂ ಕೇಳದೆ, ನನ್ನ ಪಾಲಿಗೆ ಬಂತು.

ಹೊಸ ವಾಲ್ವು, ಥರ್ಮೋಸ್ಟಾಟ್ ಕೂತವು. ಸಡಿಲಾಗಿದ್ದ ಅರ್ಥಿಂಗ್ ವಾಯರನ್ನು ಬಿಗಿ ಮಾಡಿದಳು. ಕಾವಿನ ಮುಳ್ಳನ್ನು ನಡುವೆ ನಿಲ್ಲಿಸಿದಳು. ತುದಿಗೆ ತಿರುವಿದಷ್ಟು ಸುಣ್ಣ ಬೇಗ ಕಟ್ಟುತ್ತದಂತೆ. ನಳದಲ್ಲಿ ನೀರು ಬರುವುದನ್ನು ನೋಡಿಯೇ ಫ್ಯೂಜ್ ಹಾಕಿದಳು. ಹೊತ್ತಾದ ಮೇಲೆ ಮೂಗಿನಿಂದ ಒಂದು ಹನಿ ಬಿತ್ತು. ಅವ್ವನ ಕೈ ಅತ್ತ ಹೋಯಿತು.

"ಬಿಡ್ರಿ ಅವ್ವಾರ. ಸೋರೂದಲ್ಲ ಅದು, ಉಸರ ಬಿಡೂದು. ಕಾಯೂವಾಗ ಹನಿ ಬಿದ್ರ ಛಲೋ. ಧಾರಿ ಹತ್ತಿದ್ರ ಇಲ್ಲಾ ಉಗಿ ಬಂದ್ರ ಸ್ವಿಚ್ ಬಂದ್ ಮಾಡಿ ನನ್ನ ಕರೀರಿ. ಅಮಾಸಿಗೊಮ್ಮಿ, ನೀರ ತಣ್ಣಗಿದ್ದಾಗ, ವಾಲ್ವಿನ ಮ್ಯಾಲಿನ ಈ ಕಿವಿ ಎತ್ತಿ ನೋಡ್ರಿ. ನೀರ ಬಂತಂದ್ರ ಕಾವಲಗಾರ ಎಚ್ಚರ ಅದಾನ."

ಅವ್ವ ಅದನ್ನು ವ್ರತದಂತೆ ಹಿಡಿದಳು. ಅಷ್ಟೇ ಅಲ್ಲ, ಬಸದಿಯಲ್ಲಿ ಸಿಕ್ಕ ಮುದುಕಿಯರನ್ನೆಲ್ಲ ನಿಲ್ಲಿಸಿ ಅವರವರ ಗೀಜರಿನ ಮೂಗು ವಿಚಾರಿಸತೊಡಗಿದಳು. ತೇರದಾಳದಿಂದ, ಬನಹಟ್ಟಿಯಿಂದ ಶೇವಂತಿಗೆ ಕರೆ ಬಂದವು. ಅಂಥದೇ ಅರಿವೆಗಳು ಇನ್ನೂ ಕೆಲವು ಮನೆಗಳಲ್ಲಿ ಸಿಕ್ಕವು; ಅಲ್ಲಿ ಜಗಳವಾಗಲಿಲ್ಲ, ಅವ್ವನ ಮಾತು ಮೊದಲೇ ಹೋಗಿ ಕೂತಿತ್ತು. ಮುಂದಿನ ಚಳಿಗಾಲಕ್ಕೆ ಶೇವಂತಿ ಲೋಕಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಊರೂರು ತಿರುಗುತ್ತಿದ್ದಳು. ಲಗಮಪ್ಪ ಈಗ ಕಟ್ಟೆಯ ಮೇಲೆ ಕುಳಿತು ಮಗಳ ಗಿರಾಕಿಗಳ ಫೋನು ಎತ್ತುತ್ತಾನೆ, ಬೋರಿನ ನೀರನ್ನು ಬೈಯುವುದು ಬಿಟ್ಟಿದ್ದಾನೆ.

ಇದನ್ನು ಬರೆಯುವಾಗ ಅವ್ವನಿಗೆ ಎಂಬತ್ತು ಸಮೀಪಿಸಿದೆ. ಇವತ್ತು ನಸುಕಿನಲ್ಲೂ ಬಿಸಿನೀರು ಮಿಂದು ಬಸದಿಗೆ ಹೋಗಿ ಬಂದಳು. ನನ್ನ ತಾಯಿಯ ಜೀವ ಉಳಿಯಿತು, ಅವಳ ನೇಮವೂ ಉಳಿಯಿತು. ಎರಡಕ್ಕೂ ನಾನು ಶೇವಂತಿಗೆ ಋಣಿ.