ಸಿಂಹದ ಗಾಡಿಯ ಹನ್ನೊಂದು ದೋಷಗಳು

ಇಷ್ಟವಾದ ವಸ್ತು ಕಣ್ಣಿಗೆ ಬಿದ್ದ ಕೂಡಲೇ ನನ್ನ ಮುಖ ಹುಳಿ ಮಾವಿನಕಾಯಿ ಕಚ್ಚಿದವನ ಮುಖದಂತಾಗುತ್ತದೆ. ಇದು ಹುಟ್ಟುಗುಣವಲ್ಲ, ದುಡಿದು ಸಂಪಾದಿಸಿದ್ದು. ಸ್ಪ್ರಿಂಗ್ ತಕ್ಕಡಿಯೊಂದನ್ನು ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಹೋಗಿ ಕಾಳುಮೆಣಸು ಕೊಳ್ಳುತ್ತಿದ್ದ ಕಾಲದಲ್ಲಿ ಕಲಿತದ್ದು. ಮೆಣಸು ಎಷ್ಟೇ ಗಟ್ಟಿಯಾಗಿರಲಿ, ಅಂಗೈಯಲ್ಲಿ ಹಿಡಿದು ಒಮ್ಮೆ ಊದಿ, "ಜೊಳ್ಳು ಜಾಸ್ತಿ ಕಾಣುತ್ತಲ್ಲ" ಎನ್ನಬೇಕು. ಈಗ ಆಲ್ದೂರಿನಲ್ಲಿ ಸ್ವಂತ ಅಂಗಡಿಯಿದೆ, ಕಾಫಿಯನ್ನೂ ಕೊಳ್ಳುತ್ತೇನೆ. ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಬೀಜವನ್ನು ಹಲ್ಲಿನಲ್ಲಿ ಕಚ್ಚಿ, ಚೆನ್ನಾಗಿ ಒಣಗಿದೆ ಎಂದು ಹಲ್ಲು ಹೇಳಿದರೂ ಬಾಯಿ "ಹಸಿ ಇದೆ" ಎನ್ನುತ್ತದೆ. ಹೆಣ್ಣು ನೋಡಲು ಹೋದ ದಿನವೂ ಹಾಗೇ ಆಯಿತು. ಇವಳು ಎದುರಿಗೆ ಬಂದು ಕೂತ ಕೂಡಲೇ ಮನಸ್ಸು ಒಪ್ಪಿತು, ಮುಖ ಗಂಟಾಯಿತು, ಬಾಯಿ ತಾನಾಗಿಯೇ "ಮನೆ ರಸ್ತೆಯಿಂದ ಸ್ವಲ್ಪ ಒಳಗಾಯ್ತು" ಎಂದಿತು. ಅವರ ಮನೆಯವರು ಒಂದು ವಾರ ಬೇರೆ ಗಂಡು ಹುಡುಕಿದರಂತೆ.

ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ನಿಂದಾಸ್ತುತಿ ಎಂಬುದೊಂದನ್ನು ಕಲಿಸಿದ್ದರು. ಭಕ್ತ ದೇವರನ್ನು ಬೈಯುತ್ತಾನೆ: ಮಲಗಲು ನಿನಗೆ ಹಾವಲ್ಲದೆ ಮಂಚವಿಲ್ಲ, ತಿರುಗಲು ಹಕ್ಕಿಯಲ್ಲದೆ ವಾಹನವಿಲ್ಲ ಎಂದು. ಬೈಗುಳವೆಲ್ಲ ಹೊಗಳಿಕೆಯೇ. ನಾನು ಆ ಪಾಠವನ್ನು ಪರೀಕ್ಷೆಗಿಂತ ಸಂತೆಯಲ್ಲಿ ಹೆಚ್ಚು ಬಳಸಿದ್ದೇನೆ. ವ್ಯಾಪಾರಿಯ ನಿಂದಾಸ್ತುತಿಗೂ ಭಕ್ತನದಕ್ಕೂ ಒಂದೇ ವ್ಯತ್ಯಾಸ. ಬೈಗುಳದ ಒಳಗೇನಿದೆ ಎಂಬುದು ದೇವರಿಗೆ ಗೊತ್ತಿರುತ್ತದೆ, ಮಾರುವವನಿಗೆ ಗೊತ್ತಾಗಬಾರದು.

ಫ್ರೆಂಚ್ ಕಾರಿನ ರೋಗ ನನಗೆ ಹತ್ತಿದ್ದೂ ವ್ಯಾಪಾರದಿಂದಲೇ. ಯಾರಿಗೂ ಬೇಡವಾದದ್ದು ಅಗ್ಗಕ್ಕೆ ಸಿಗುತ್ತದೆ ಎಂಬ ಒಂದೇ ತರ್ಕದಲ್ಲಿ, ಮೂತಿಯ ಮೇಲೆ ಸಿಂಹದ ಗುರುತಿದ್ದ ಡೀಸೆಲ್ ಕಾರೊಂದನ್ನು ಕೊಂಡೆ. ಅದನ್ನು ಮಾಡಿದವರು ಅಷ್ಟರಲ್ಲಾಗಲೇ ನಮ್ಮ ದೇಶದಲ್ಲಿ ಅಂಗಡಿ ಮುಚ್ಚಿದ್ದರು. ಕೊಂಡ ದಿನ ಬಾಳೆಹೊನ್ನೂರಿನಿಂದ ಆಲ್ದೂರಿಗೆ ಓಡಿಸಿಕೊಂಡು ಬಂದೆ. ಆ ದಾರಿಯ ಪ್ರತಿಯೊಂದು ಗುಂಡಿಗೂ ನನ್ನ ಸೊಂಟದ ಪರಿಚಯವಿತ್ತು. ಅಂದು ಒಂದೂ ಮಾತಾಡಿಸಲಿಲ್ಲ. ಬುಟ್ಟಿ ತುಂಬ ಮೊಟ್ಟೆ ಇಟ್ಟುಕೊಂಡು ಉತ್ತ ಹೊಲದ ಮೇಲೆ ಓಡಿಸಿದರೂ ಒಂದೂ ಒಡೆಯಬಾರದು, ಅಂಥ ಕಾರು ಮಾಡಿ ಎಂದು ಹಿಂದೊಮ್ಮೆ ಫ್ರಾನ್ಸಿನ ಇನ್ನೊಂದು ಕಾರು ಕಂಪನಿಯವರು ತಮ್ಮ ಎಂಜಿನಿಯರುಗಳಿಗೆ ಹೇಳಿದ್ದರೆಂದು ಆಮೇಲೆ ಎಲ್ಲೋ ಓದಿದೆ. ಬೇರೆಯವರು ಹೆದ್ದಾರಿಯನ್ನು ನೆನೆದು ಕಾರು ಮಾಡಿದರು, ಫ್ರೆಂಚರು ರೈತನ ಬೆನ್ನನ್ನು ನೆನೆದು ಮಾಡಿದರು. ಚಿಕ್ಕಮಗಳೂರು ಜಿಲ್ಲೆಯನ್ನು ನೋಡದೆಯೇ ನಮ್ಮ ಜಿಲ್ಲೆಗೆ ಕಾರು ಮಾಡಿದವರ ಮೇಲೆ ಪ್ರೀತಿ ಹುಟ್ಟದಿರುತ್ತದೆಯೆ?

ನನ್ನ ಕೈಯಲ್ಲೇ ಹನ್ನೆರಡು ವರ್ಷ ಓಡಿದ ಆ ಗಾಡಿ ಕಳೆದ ಮಳೆಗಾಲದಲ್ಲಿ ತುಕ್ಕು ಹಿಡಿದು ನೆಲ ಬಿಟ್ಟಿತು. ಬ್ರೇಕ್ ಒತ್ತುವಾಗ ಪಾದದ ಪಕ್ಕದಲ್ಲಿ ರಸ್ತೆ ಹರಿಯುವುದು ಕಾಣುತ್ತಿತ್ತು. ನಮ್ಮೂರಿನ ಮೆಕ್ಯಾನಿಕ್ ಹಮೀದ್ ಕೆಳಗೆ ತೂರಿ ನೋಡಿ ಹೊರಗೆ ಬಂದು, "ಅಣ್ಣಾ, ವೆಲ್ಡಿಂಗ್ ಹಿಡಿಸೋಕೆ ಇನ್ನು ತಗಡೇ ಇಲ್ಲ. ಇಂಜಿನ್ನಿಗೆ ಆಯಸ್ಸಿದೆ, ಮನೆ ಬಿದ್ದೋಗಿದೆ" ಎಂದ. ಇಂಜಿನ್, ಗೇರ್‌ಬಾಕ್ಸ್ ಬಿಚ್ಚಿ ಅವನ ಶೆಡ್ಡಿನಲ್ಲಿಟ್ಟೆವು. ಹೆಂಡತಿ ಸಂತಾಪ ಸೂಚಿಸಲಿಲ್ಲ. "ಊರಲ್ಲಿ ಎಲ್ರೂ ತಗೊಳ್ಳೋ ಕಾರು ತಗೊಂಡ್ರೆ ನಿಮ್ಗೆ ಜ್ವರ ಬರುತ್ತಾ?" ಎಂದಷ್ಟೇ ಕೇಳಿದಳು. ಬರುತ್ತದೆ, ಏನು ಮಾಡಲಿ.

ವಿಚಾರಿಸುತ್ತ ಹೋದಾಗ ಎರಡು ಗಾಡಿ ಸಿಕ್ಕವು. ಅತ್ತಿಗುಂಡಿಯ ಹೋಂಸ್ಟೇಯವರ ಬಳಿ ಒಂದು. ಅದರ ಮೂತಿಯ ಮೇಲೆ ವಜ್ರದಾಕಾರದ ಗುರುತು, ವಯಸ್ಸು ಸುಮಾರು ಒಂದು ಡಜನ್ ವರ್ಷ. ಇನ್ನೊಂದು ಕಳಸದಲ್ಲಿ, ನನ್ನ ಹಳೆಯದರ ತದ್ರೂಪ, ಸಿಂಹದ್ದೇ. ಎರಡೂ ಫ್ರೆಂಚ್, ಎರಡೂ ಡೀಸೆಲ್, ಆದರೆ ಅಜ್ಜ ಮೊಮ್ಮಗನಷ್ಟು ಅಂತರ.

ಇಲ್ಲಿ ಕೇಳದಿದ್ದರೂ ಒಂದು ಉಪದೇಶ. ಹಳೆಯ ಕಾರನ್ನು ಅದು ತಣ್ಣಗಿರುವಾಗಲೇ ನೋಡಬೇಕು. ನೀವು ಹೋಗುವ ಹೊತ್ತಿಗೆ ಮಾಲೀಕರು ಇಂಜಿನ್ ಬಿಸಿ ಮಾಡಿಟ್ಟಿದ್ದರೆ ಬೆಳಗಿನ ಹೊಗೆಯನ್ನು ಬಚ್ಚಿಟ್ಟಿದ್ದಾರೆಂದೇ ತಿಳಿಯಿರಿ. ಎರಡನೆಯದು, ಕಾರು ನೋಡುವ ಮೊದಲು ಮನೆಯ ಗೇಟು ತಳ್ಳಿ ನೋಡಿ. ಗೇಟಿನ ತಿರುಗಣಿಗೆ ಎಣ್ಣೆ ಬಿಡದವರು ಗೇರ್‌ಬಾಕ್ಸಿಗೆ ಬಿಟ್ಟಿರುವುದಿಲ್ಲ.

ಅತ್ತಿಗುಂಡಿಯಲ್ಲಿ ಬಾನೆಟ್ ಮುಟ್ಟಿದೆ, ಬೆಚ್ಚಗಿತ್ತು. ಗೇಟು ಇರಲೇ ಇಲ್ಲ. ಮಾಲೀಕ ಮೂವತ್ತರ ಹುಡುಗ, ಒಂದೇ ಉಸಿರಿಗೆ ಹೊಗಳಿದ. ಸುಳ್ಳೇನಲ್ಲ, ಸೀಟು ಮೆತ್ತೆಯಂತಿತ್ತು, ಎ.ಸಿ. ಹಾಕಿದರೆ ಕಾಫಿ ಹೂವಿನ ಕಾಲದ ಬೆಳಗಿನಂತಿತ್ತು. ಬೀಗದ ಕೈಯ ಬದಲು ಒಂದು ಕಾರ್ಡು. ಜೇಬಿನಲ್ಲಿದ್ದರೆ ಸಾಕು, ಗಾಡಿ ಗುರುತು ಹಿಡಿಯುತ್ತದೆ. ಜೊತೆಗೆ ಬಂದಿದ್ದ ಹೆಂಡತಿ ಇದೇ ಆಗಲಿ ಎಂದು ಅಲ್ಲೇ ತೀರ್ಪು ಕೊಟ್ಟಳು. ಹಮೀದ್ ಮಾತ್ರ ತಲೆ ಕೆರೆದುಕೊಂಡು, "ಗಾಡಿ ಬಂಗಾರ ಅಣ್ಣಾ. ಆದ್ರೆ ಇದಕ್ಕೆ ಸ್ಪ್ಯಾನರ್ ಸಾಕಾಗಲ್ಲ, ಲ್ಯಾಪ್‌ಟಾಪ್ ಬೇಕು. ನನ್ ಹತ್ರ ಸ್ಪ್ಯಾನರ್ ಇರೋದು" ಎಂದ.

ಮರುದಿನ ಒಬ್ಬನೇ ಕಳಸಕ್ಕೆ ಹೋದೆ. ಗೇಟು ತಳ್ಳಿದೆ, ಸದ್ದಿಲ್ಲದೆ ತೆರೆಯಿತು. ಧರಣೇಂದ್ರಯ್ಯನವರು ಎಸ್ಟೇಟೊಂದರಲ್ಲಿ ರೈಟರ್ ಆಗಿ ನಿವೃತ್ತರಾದವರು. ಆಳುಗಳ ಹಾಜರಿ ಬರೆದು ಬರೆದು ಎಲ್ಲವನ್ನೂ ಬರೆದಿಡುವ ಅಭ್ಯಾಸ. ಆಯಿಲ್ ಬದಲಿಸಿದ್ದು, ಟೈರು ತಿರುಗಿಸಿದ್ದು, ವೈಪರಿನ ರಬ್ಬರು ಹಾಕಿಸಿದ್ದು ಎಲ್ಲವೂ ಒಂದು ನೋಟ್‌ಬುಕ್ಕಿನಲ್ಲಿ. ಇಂಜಿನ್ ಕಲ್ಲಿನಂತೆ ತಣ್ಣಗಿತ್ತು, ಮೊದಲ ತಿರುವಿಗೇ ಎದ್ದಿತು. ಮನಸ್ಸು ಒಪ್ಪಿತು. ಮುಖ ಹುಳಿಯಾಯಿತು.

ಆಮೇಲೆ ನಾನು ಆಡಿದ್ದನ್ನು ಈಗ ಬರೆಯಲು ಸಂಕೋಚ. ಬ್ರೇಕ್ ನಂಬಿ ಇಳಿಜಾರಿಗೆ ಹೋಗುವ ಹಾಗಿಲ್ಲ ಎಂದೆ. ಇಂಜಿನ್ ಕೆಮ್ಮುತ್ತದೆ ಎಂದೆ. ಮನೆಯ ಹೆಂಗಸರನ್ನು ಕೂರಿಸಿಕೊಂಡು ಹೋಗಲು ಧೈರ್ಯ ಬರುವುದಿಲ್ಲ ಎಂದೆ. ಜಗಲಿಯಲ್ಲಿ ಅವರ ಮನೆಯಮ್ಮ ಕೂತಿದ್ದನ್ನೂ ಗಮನಿಸದೆ, ಬಣ್ಣ ಹಳೇ ಔಷಧಿ ಬಾಟಲಿ ಹಾಗಿದೆ ಎಂದೆ. ಧರಣೇಂದ್ರಯ್ಯನವರು ತಲೆ ತಗ್ಗಿಸಿ ಕೇಳಿದರು. "ನೋಡೋಣ, ಯೋಚನೆ ಮಾಡಿ ಹೇಳ್ತೀನಿ" ಎಂದು ಹೊರಟುಬಂದೆ. ನಾಲ್ಕು ದಿನ ಸುಮ್ಮನಿದ್ದರೆ ಮಾರುವವನು ತಾನಾಗಿಯೇ ಇಳಿಯುತ್ತಾನೆಂಬುದು ನನ್ನ ಜೀವಮಾನದ ಅನುಭವ.

ನಾಲ್ಕನೆಯ ದಿನ ಸಂಜೆ ಫೋನು ಬಂತು.

"ನಿಮ್ಮಿಂದ ಉಪಕಾರ ಆಯ್ತು ಅಂತ ಹೇಳೋಕೆ ಫೋನ್ ಮಾಡಿದ್ದು," ಎಂದರು ಧರಣೇಂದ್ರಯ್ಯ. "ನೀವು ಹೇಳದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಅಂಥಾ ಗಾಡೀನ ಇನ್ನೊಬ್ರಿಗೆ ದಾಟಿಸಿ, ಅವ್ರಿಗೇನಾದ್ರೂ ಆದ್ರೆ ಆ ಪಾಪ ಯಾರಿಗೆ? ಗುಜರಿಯವನಿಗೆ ಹೇಳಿದೀನಿ. ನಾಳೆ ಹತ್ತು ಗಂಟೆಗೆ ಬಂದು ಕಡಿದು ತಗೊಂಡು ಹೋಗ್ತಾನೆ."

"ಅಯ್ಯೋ, ಬೇಡ ಸ್ವಾಮಿ! ಗಾಡಿ ಚೆನ್ನಾಗಿದೆ!"

"ನನ್ನ ಸಮಾಧಾನಕ್ಕೆ ಹೇಳ್ತೀರಿ. ದೊಡ್ಡ ಮನಸ್ಸು ನಿಮ್ಮದು," ಎಂದು ಫೋನಿಟ್ಟರು.

ಇಷ್ಟು ವರ್ಷ ನನ್ನ ಮಾತನ್ನು ಪೂರ್ತಿ ನಂಬಿದವರು ಯಾರೂ ಇರಲಿಲ್ಲ. ವ್ಯಾಪಾರ ನಡೆಯುವುದೇ ಆ ಅಪನಂಬಿಕೆಯ ಮೇಲೆ. ಒಬ್ಬ ಸತ್ಯವಂತ ಸಿಕ್ಕಿಬಿಟ್ಟರೆ ನಮ್ಮ ವಿದ್ಯೆಯೆಲ್ಲ ಗುಜರಿಯವನ ಗ್ಯಾಸ್ ಕಟರ್ ಆಗುತ್ತದೆ.

ಬೆಳಿಗ್ಗೆ ಆರಕ್ಕೇ ಹಮೀದನ ಜೀಪಿನಲ್ಲಿ ಮಾಗುಂಡಿ ದಾರಿಯಾಗಿ ಹೊರಟೆವು. ದಾರಿಯುದ್ದಕ್ಕೂ ಅವನು ನನ್ನನ್ನು ಬಿಡಲಿಲ್ಲ. "ಬೈಯೋದನ್ನ ಸ್ವಲ್ಪ ಕಮ್ಮಿ ಬೈಬಾರ್ದಿತ್ತಾ ಮಾರಾಯ್ರೆ? ಎರಡು ದೋಷ ಹೇಳಿದ್ರೆ ಸಾಕಿತ್ತಲ್ಲ?"

ಅಲ್ಲಿ ಗುಜರಿಯವನ ಟೆಂಪೋ ಆಗಲೇ ಅಂಗಳದಲ್ಲಿತ್ತು. ಗ್ಯಾಸ್ ಕಟರಿನ ಸಿಲಿಂಡರ್ ಇಳಿಸಿದ್ದ. ನಾನು ಓಡಿಹೋಗಿ ಗಾಡಿಗೆ ಅಡ್ಡ ನಿಂತು, "ಸ್ವಾಮಿ, ನಾನು ಅವತ್ತು ಹೇಳಿದ್ದೆಲ್ಲ ಸುಳ್ಳು" ಎಂದೆ.

ಧರಣೇಂದ್ರಯ್ಯನವರು ಗಡಿಬಿಡಿಗೊಳ್ಳಲಿಲ್ಲ. ಒಳಗೆ ಹೋಗಿ ನೋಟ್‌ಬುಕ್ ತಂದರು. ನಾನು ಹೇಳಿದ ದೋಷಗಳನ್ನೂ ಬರೆದಿಟ್ಟಿದ್ದರು, ಕ್ರಮಸಂಖ್ಯೆ ಹಾಕಿ, ಒಟ್ಟು ಹನ್ನೊಂದು.

"ಒಂದೊಂದೇ ಹೇಳಿ. ಒಂದನೇದು, ಬ್ರೇಕ್ ಹಿಡಿಯೋದಿಲ್ಲ. ಹೌದೋ ಅಲ್ವೋ?"

"ಅಲ್ಲ. ನಾನು ಅವತ್ತು ಬ್ರೇಕ್ ಒತ್ತಿಯೇ ನೋಡಿರ್ಲಿಲ್ಲ."

"ಒತ್ತದೆ ಹೇಗೆ ಹೇಳಿದ್ರಿ ಮಾರಾಯ್ರೆ?"

"ಅಭ್ಯಾಸ."

"ಎರಡು. ಇಂಜಿನ್ ಕೆಮ್ಮುತ್ತೆ."

"ಕೆಮ್ಮಿದ್ದು ನಾನು."

ಗಾಡಿಯ ಕೆಳಗೆ ತೂರಿದ್ದ ಹಮೀದ್ ಅಲ್ಲಿಂದಲೇ ನಕ್ಕ. "ನೆಲ ಗಟ್ಟಿ ಇದೆ ಅಯ್ನೋರೆ, ತಟ್ಟಿದ್ರೆ ಗಂಟೆ ಹೊಡ್ದಂಗೆ ಕೇಳುತ್ತೆ!" ಎಂದು ಕೂಗಿದ. ಗುಜರಿಯವನು ಬೀಡಿ ಆರಿಸಿ, "ನಂಗೆ ಕೊಪ್ಪಕ್ಕೂ ಹೋಗೋದಿದೆ. ಕಡಿಯೋದಾ, ಬಿಡೋದಾ?" ಎಂದ.

ಮೂರು, ನಾಲ್ಕು, ಐದು. ಹೊಗಳುವುದು ಇಷ್ಟು ಕಷ್ಟದ ಕೆಲಸವೆಂದು ನನಗೆ ತಿಳಿದಿರಲಿಲ್ಲ. "ಚೆನ್ನಾಗಿದೆ" ಎನ್ನುವ ಶಬ್ದ ಹೊಸ ಚಪ್ಪಲಿಯಂತೆ ಕಚ್ಚುತ್ತಿತ್ತು. ಒಂದೊಂದು ಒಳ್ಳೆಯ ಮಾತಿಗೂ ಬೆಲೆ ಏರುತ್ತದಲ್ಲ ಎಂದು ಒಳಗಿನ ವ್ಯಾಪಾರಿ ಕೈ ಹಿಸುಕಿಕೊಳ್ಳುತ್ತಿದ್ದ. ಆದರೂ ಎಂಟನೆಯದರ ಹೊತ್ತಿಗೆ ನಾಲಿಗೆ ಸಲೀಸಾಯಿತು. ಸಸ್ಪೆನ್ಷನ್ನಿನ ಬಗ್ಗೆ ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದೆ.

ಹನ್ನೊಂದನೆಯದಕ್ಕೆ ಬಂದಾಗ ಅವರು ಓದಲಿಲ್ಲ. ನೋಟ್‌ಬುಕ್ ಮಡಚಿ ಜಗಲಿಯ ಕಡೆ ನೋಡಿದರು. "ಬಣ್ಣ ಆರಿಸಿದ್ದು ಅವಳು. ನೀವು ಹೋದ ಮೇಲೆ ಗಾಡಿ ಒರೆಸೋಕೆ ಹೋಗಿಲ್ಲ."

ಅಮ್ಮನವರು ಕಂಬಕ್ಕೆ ಒರಗಿ ನಿಂತಿದ್ದರು. ಈ ದೋಷಕ್ಕೆ ಹಮೀದನ ಸಾಕ್ಷಿ ನಡೆಯುವುದಿಲ್ಲ. ಕಾರನ್ನು ಮತ್ತೊಮ್ಮೆ ನೋಡಿದೆ, ಕೊಳ್ಳುವವನಾಗಿ ಅಲ್ಲ. ಗಾಢ ಹಸಿರು. ಮಳೆ ನಿಂತ ಮೇಲೆ ಕಾಫಿ ಎಲೆ ಹೊಳೆಯುತ್ತದಲ್ಲ, ಅದೇ ಹಸಿರು. "ತಪ್ಪಾಯ್ತಮ್ಮ," ಎಂದೆ. "ತೋಟದ ಪಕ್ಕ ನಿಲ್ಸಿದ್ರೆ ಗಾಡಿ ಯಾವುದು, ಗಿಡ ಯಾವುದು ಗೊತ್ತಾಗ್ಲಿಕ್ಕಿಲ್ಲ. ಅಷ್ಟು ಚಂದ ಇದೆ."

ಧರಣೇಂದ್ರಯ್ಯನವರು ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿ, "ಇಷ್ಟೆಲ್ಲ ಚೆನ್ನಾಗಿದ್ರೆ ನಾನ್ಯಾಕೆ ಮಾರ್ಬೇಕು?" ಎಂದರು.

ನನ್ನ ಹೊಗಳಿಕೆ ನನ್ನ ಕುತ್ತಿಗೆಗೇ ಬಂತು. ಹಮೀದ್ ಗಾಡಿಯ ಕೆಳಗಿನಿಂದ ತಲೆ ಮಾತ್ರ ಹೊರಗೆ ಹಾಕಿದ.

"ಯಾಕಂದ್ರೆ ನಿಮ್ಗೆ ಕಣ್ಣು ಕಾಣೋದಿಲ್ಲ ಅಂತ," ಎಂದರು ಅಮ್ಮ ಜಗಲಿಯಿಂದ ಇಳಿಯುತ್ತ. "ಮೊನ್ನೆ ಹಾಲಿನ ಕ್ಯಾನಿಗೆ ಹಾರನ್ ಹೊಡೆದ್ರಿ, ದಾರಿ ಬಿಡು ಅಂತ. ಕೊಡೋದು ಕೊಡುವ. ಆದ್ರೆ ಗಾಡಿ ನೋಡ್ಲಿಕ್ಕೆ ಎಷ್ಟೋ ಜನ ಬಂದ್ರು. ಬಂದವ್ರನ್ನ ನಾವು ನೋಡ್ಬೇಡ್ವಾ?" ಎಂದು ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. "ಹೊರಡಿ. ಸಂಸೆ ತನಕ."

ಸಂಸೆಗೆ ಹೋಗಿ ಬರುವಷ್ಟರಲ್ಲಿ ಅವರು ನನ್ನಲ್ಲಿ ಕಂಡ ದೋಷಗಳಿಗೆ ಲೆಕ್ಕವಿಲ್ಲ. ಗೇರು ತಡವಾಗಿ ಹಾಕುತ್ತೇನೆ. ತಿರುವಿನಲ್ಲಿ ಹಾರನ್ ಹೊಡೆಯುವುದಿಲ್ಲ, ಹೊಡೆಯಬಾರದ ಕಡೆ ಹೊಡೆಯುತ್ತೇನೆ. ಕ್ಲಚ್ಚಿನ ಮೇಲೆ ಕಾಲಿಟ್ಟು ಮಲಗುತ್ತೇನೆ. ನಾನು ಒಂದಕ್ಕೂ ಎದುರಾಡದೆ "ಹೌದಮ್ಮ" ಎಂದು ತಿದ್ದಿಕೊಳ್ಳುತ್ತ ಓಡಿಸಿದೆ. ವಾಪಸು ಬರುವಾಗ ಅವರ ಮಾತು ಕಡಿಮೆಯಾಯಿತು. ಗಾಡಿ ಮಾತ್ರ, ರಸ್ತೆ ಎಲ್ಲಿ ಕೆಟ್ಟಿದೆ ಎಂದು ಹೇಳದೆ, ತೇಲಿದಂತೆ ಬಂತು.

ಅಂಗಳದಲ್ಲಿ ಇಳಿದು ಸೆರಗು ಸರಿಮಾಡಿಕೊಂಡು ಗಂಡನಿಗೆ ಹೇಳಿದರು: "ಕೊಡಿ. ಓಡಿಸೋದು ಸುಮಾರು. ಹೇಳಿದ್ದು ಕೇಳ್ತಾರೆ."

ಧರಣೇಂದ್ರಯ್ಯನವರು ಬೆಲೆ ಹೇಳಿದರು. ನಾನು "ಆಗ್ಲಿ" ಎಂದೆ. ಹಮೀದ್ ನನ್ನ ಹಣೆ ಮುಟ್ಟಿ ನೋಡಿದ.

ಅತ್ತಿಗುಂಡಿಯ ವಜ್ರದ ಗಾಡಿಯ ಮೇಲೆ ನನಗೆ ಯಾವ ಕೋಪವೂ ಇಲ್ಲ. ಅದನ್ನು ಚಿಕ್ಕಮಗಳೂರಿನ ಯಾರೋ ಕೊಂಡರಂತೆ, ಸುಖವಾಗಿರಲಿ. ಎರಡು ಹಳೆಯ ಕಾರುಗಳ ನಡುವೆ ತೂಗಾಡುತ್ತಿರುವವರು ಈಗಲೂ ಅಂಗಡಿಗೆ ಬಂದು ಯಾವುದು ಎಂದು ಕೇಳುತ್ತಾರೆ. ಮೈಲೇಜು, ಬಿಡಿಭಾಗ, ತುಕ್ಕು, ಟೈರು ಎಲ್ಲವನ್ನೂ ಹೇಳುತ್ತೇನೆ, ಹೇಳದೆ ಇರಲಾರೆ. ಕೊನೆಗೆ ಇಷ್ಟು: ಎರಡನ್ನೂ ಮನಸಾರೆ ಬೈದು ಮನೆಗೆ ಬನ್ನಿ. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ಯಾವ ಊರಿನ ದಾರಿ ಹಿಡಿಯಬೇಕೆನಿಸುತ್ತದೋ, ನಿಮ್ಮ ಗಾಡಿ ಆ ಊರಿನಲ್ಲಿದೆ.