ಚರಗ ಉಂಡವರು

ಎಳ್ಳಮಾವಾಸ್ಯೆಯ ದಿನ ನನ್ನಜ್ಜಿ ಆಯಿ ಕಡಲೆ ಹೊಲದಲ್ಲಿ ಭೂಮಿತಾಯಿಗೆಂದು ಸಜ್ಜೆ ಕಡುಬು, ಕಾಳು-ಸೊಪ್ಪು ಬೇಯಿಸಿದ ಭಜ್ಜಿಯ ಚರಗ ಚೆಲ್ಲಿ ಈಚೆ ಬಂದಳು. ಬೆನ್ನಿಗೇ ಗೊರವಂಕಗಳ ಹಿಂಡು ಇಳಿಯಿತು. ರಜಾಕಾರರು ಬಂದರೆಂಬ ಸುದ್ದಿಗೇ ಕಣಜದಲ್ಲಿ ಅಡಗಿದ್ದ ನಾನು ಹಕ್ಕಿಗಳ ಮುಂದೆ ಮಹಾ ಶೂರ. ಕವಣೆ ಬೀಸಿದೆ. ಕಲ್ಲು ಹೋಗಿ ಭಜ್ಜಿಯ ಗಡಿಗೆ ಒಡೆಯಿತು. ಆ ಸದ್ದಿಗೆ ಹಿಂಡೆಲ್ಲ ಹಾರಿಹೋಯಿತು. ದಂಡನ್ನೇ ಓಡಿಸಿದವನಂತೆ ಇಲ್ಲದ ಮೀಸೆ ತಿರುವಿದೆ.

ಆಯಿ ಗಡಿಗೆಯತ್ತ ನೋಡಲೇ ಇಲ್ಲ. ಕಡಲೆ ಗಿಡದ ಒಂದು ಕಾಯಿ ಬಿಡಿಸಿ ತೋರಿಸಿದಳು. ಒಳಗೆ ಕಾಳಿರಲಿಲ್ಲ, ಹಸಿರು ಹುಳವಿತ್ತು.

“ಇದನ್ನ ಹೆಕ್ಕಲಿ ಅಂತ ಅವನ್ನ ಉಣ್ಣಾಕ ಕರದಿದ್ದೆ, ಮಂಗ್ಯಾ. ನಮ್ಮ ವರ್ಷದ ಬ್ಯಾಳಿ ಇದೇ ಹೊಲದಾಗ ಅದ. ನೀನೂ ಚರಗ ಉಂಡಿಯಲ್ಲ, ಒಂದು ಹುಳಾನರೆ ಹೆಕ್ಕಿದೇನು?”

“ಈಗೇನ್ ಮಾಡ್ಲಿ ಆಯಿ?”

“ನೀನೇ ಗೊರವಂಕ ಆಗು.”

ಮೊಣಕಾಲೂರಿ ಹುಳ ಹೆಕ್ಕತೊಡಗಿದೆ. ಕಡಲೆ ಎಲೆಯ ಹುಳಿಗೆ ಬೆರಳು ಚುರುಗುಟ್ಟಿದವು. ಹೊತ್ತು ಮುಳುಗುವಾಗ ಅರ್ಧ ಸಾಲಷ್ಟೇ ಮುಗಿದಿತ್ತು. ಅಷ್ಟರಲ್ಲಿ ಒಂದು ಗೊರವಂಕ ಬಂದು ಪಕ್ಕದ ಸಾಲಿನಲ್ಲಿ ಹುಳ ಹೆಕ್ಕತೊಡಗಿತು. ಎದ್ದರೆ ಹಾರೀತೆಂದು ಬೆನ್ನು ಮುರಿಯುವಂತಿದ್ದರೂ ಬಗ್ಗಿಯೇ ಇದ್ದೆ.

ಈಗಲೂ ಹೊಲದಲ್ಲಿ ಗೊರವಂಕ ಕಂಡರೆ ಸುತ್ತು ಹಾಕಿ ಹೋಗುತ್ತೇನೆ. ಅದು ಉಂಡ ಚರಗದ ಋಣ ತೀರಿಸುತ್ತಿರುತ್ತದೆ; ನನ್ನದಿನ್ನೂ ಅರ್ಧ ಸಾಲು ಬಾಕಿ.