ಸಿದ್ದಮ್ಮನ ಮನೆಯಲ್ಲಿ ಉಳಿದ ಹುಳುಗಳು

ಬೆಳಕು ಹರಿಯುವ ಮುನ್ನವೇ ಕೆಂಪಾಪುರದ ಸಿದ್ದಮ್ಮ ರೇಷ್ಮೆ ಹುಳುಮನೆಯ ಬಾಗಿಲು ತೆರೆಯುತ್ತಾರೆ. ತಟ್ಟೆಗಳ ಮೇಲೆ ಹಿಪ್ಪುನೇರಳೆ ಸೊಪ್ಪು ಹರಡಿ ಕಿವಿಗೊಟ್ಟು ನಿಲ್ಲುತ್ತಾರೆ. ಹುಳುಗಳು ಮೇಯುವ ಸದ್ದು ಕೇಳಿಸಿದ ಮೇಲೆಯೇ ಅವರು ಮುಖ ತೊಳೆಯುವುದು. ಆ ಸದ್ದು ನಿಂತುಹೋದ ಬೆಳಗನ್ನೂ ಅವರು ಕಂಡಿದ್ದಾರೆ.

ಇದು ಹಳೆಯ ಮೈಸೂರು ತಳಿ; ಹಸಿರು ಬೆರೆತ ಹಳದಿ ಗೂಡಿನದು. ಊರಿನವರೆಲ್ಲ ಮೊಟ್ಟೆಯನ್ನು ಹೊರಗಿನಿಂದ ತಂದರೆ, ಸಿದ್ದಮ್ಮ ಪ್ರತಿ ಬೆಳೆಯಲ್ಲೂ ಒಂದಿಷ್ಟು ಗೂಡು ಉಳಿಸಿ, ಚಿಟ್ಟೆ ಹೊರಡಿಸಿ, ಮೊಟ್ಟೆ ಇಡಿಸುತ್ತಾರೆ.

ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಸಪ್ಪೆ ರೋಗ ಬಂತು. "ಹುಳ ಮೆತ್ತಗಾಗ್ಬುಟ್ಟೋ. ಮಂಕರೀಲಿ ಹೊತ್ಕಂಡೋಗಿ ಗುಂಡೀಗಾಕುದ್ವಿ," ಎನ್ನುತ್ತಾರೆ. ತಟ್ಟೆಗೆ ಒಂದಿಷ್ಟು ಬದುಕಿದವು, ಅವುಗಳಿಂದಲೇ ಸಂತಾನ. ಮುಂದಿನ ಬೇಸಿಗೆಯಲ್ಲಿ ಅದೇ ರೋಗ ಬಂದಾಗ ಸತ್ತವು ಕಡಿಮೆ. "ತಡ್ಕಂಡವು ಮೊಟ್ಟೆ ಇಟ್ಟೋ. ಮರಿಗೂ ಆ ಗಟ್ಟಿತನ ಬಂತು."

ನೆಮ್ಮದಿ ಬಹಳ ದಿನ ಉಳಿಯಲಿಲ್ಲ. ಇರುವೆ ಹತ್ತದಂತೆ ತಟ್ಟೆಯ ಸ್ಟ್ಯಾಂಡಿನ ಕಾಲಡಿಯ ಬಟ್ಟಲಿಗೆ ನೀರು ಹಾಕಬೇಕು. ಹಬ್ಬದ ಓಡಾಟದಲ್ಲಿ ಗಂಡ ವೆಂಕಟಯ್ಯ ಮರೆತರು. ಕೆಂಪಿರುವೆ ಮುತ್ತಿ ಹುಳುಮನೆ ಬರಿದಾಯಿತು. ಜಾಗ ಸಾಲದೆ ಪಡಸಾಲೆಯಲ್ಲಿಟ್ಟಿದ್ದ ಒಂದು ತಟ್ಟೆ ಮಾತ್ರ ಉಳಿಯಿತು. ವೆಂಕಟಯ್ಯ ಅಂದು ಅನ್ನ ಮುಟ್ಟಲಿಲ್ಲ.

"ಅವೇನು ಗಟ್ಟಿ ಅಂತ ಉಳೀಲಿಲ್ಲ. ಪಡಸಾಲೇಲಿದ್ದೋ, ಉಳ್ಕಂಡೋ," ಎನ್ನುತ್ತಾರೆ ಸಿದ್ದಮ್ಮ.

ಆ ತಟ್ಟೆಯಲ್ಲಿದ್ದವು ಹೆಚ್ಚಾಗಿ ಬಿಳಿಚಿದ ಗೂಡು ಕಟ್ಟುವ ಹುಳುಗಳು. ಕೆಲವೇ ಬೆಳೆಗಳಲ್ಲಿ ಮನೆಯ ಗೂಡೆಲ್ಲ ಬಿಳಿಚಿತು. ಮೊಟ್ಟೆಗಳೂ ಸರಿಯಾಗಿ ಒಡೆಯಲಿಲ್ಲ. ರೇಷ್ಮೆ ಇಲಾಖೆಯಿಂದ ಬಂದ ಭಾನುಪ್ರಿಯ ಪಕ್ಕದಲ್ಲಿ ಕುಳಿತು ಹೇಳಿದರು: "ಬಣ್ಣ ಹೋಗಿದ್ದು ಯಾರ ತಪ್ಪೂ ಅಲ್ಲಮ್ಮ. ಸ್ವಲ್ಪವೇ ಉಳಿದಾಗ ಯಾವ ಗುಣ ಇರುತ್ತೆ, ಯಾವುದು ಹೋಗುತ್ತೆ ಹೇಳಕ್ಕಾಗಲ್ಲ. ಈಗ ಒಡಹುಟ್ಟಿದವೇ ಕೂಡ್ತಾ ಇವೆ. ಬೇರೆ ಕಡೆಯ ಚಿಟ್ಟೆ ಬೇಕು."

ರೋಗಕ್ಕೂ ಮೊದಲು ಸಿದ್ದಮ್ಮ ಇದೇ ತಳಿಯ ಮೊಟ್ಟೆಯನ್ನು ಕನಕಪುರದ ಕಡೆಗೆ ಕೊಟ್ಟ ತಂಗಿ ಸೌಮ್ಯಳಿಗೆ ಕಳಿಸಿದ್ದರು. ಆ ಹುಳುಗಳು ರೋಗವನ್ನೇ ಕಂಡಿರಲಿಲ್ಲ. ಬೆರೆಸಿದರೆ ಬಂದ ಗಟ್ಟಿತನ ಹೋದೀತೆಂಬ ಭಯ. ಆದರೂ ತಂಗಿಯ ಮನೆಯ ಗೂಡುಗಳನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದು, ಎರಡೂ ಕಡೆಯ ಚಿಟ್ಟೆಗಳನ್ನು ಕೂಡಿಸಿದರು.

ಬೇಸಿಗೆಗೆ ಸಪ್ಪೆ ಮತ್ತೆ ಬಂತು. ಬೆರಕೆಯ ಹುಳುಗಳು ಅರ್ಧಕ್ಕರ್ಧ ಸತ್ತವು. "ಸಾಯೋದ ನೋಡ್ಕಂಡು ಕೂತಿರಾದು ಕಷ್ಟ ಕಣಪ್ಪ," ಎನ್ನುವಾಗ ಅವರ ದನಿ ತಗ್ಗುತ್ತದೆ. ಉಳಿದವುಗಳಿಂದ ಮತ್ತೆ ಸಂತಾನ. ಈ ವರ್ಷ ಮೊಟ್ಟೆ ಚೆನ್ನಾಗಿ ಒಡೆದಿವೆ, ಹುಳು ರೋಗ ತಡೆದುಕೊಂಡಿವೆ, ನಡುನಡುವೆ ಹಳದಿ ಗೂಡೂ ಕಾಣುತ್ತಿವೆ.

ಈ ಸಲದ ಮೊಟ್ಟೆಯಲ್ಲಿ ಒಂದು ಪಾಲನ್ನು ಸಿದ್ದಮ್ಮ ಸೌಮ್ಯಳ ಮನೆಗೆ ಕಳಿಸುತ್ತಿದ್ದಾರೆ.

"ತಳಿ ಇಲ್ಲಿ ಹೋದ್ರೆ ಅಲ್ಲಿರ್ಲಿ, ಅಲ್ಲಿ ಹೋದ್ರೆ ಇಲ್ಲಿರ್ಲಿ. ಇನ್ನೂ ಒಸಿ ಜನ ಸಾಕೋರು ಸಿಕ್ಕುದ್ರೆ ಸಾಕು, ನಂಗಿನ್ನೇನ್ ಬ್ಯಾಡ."